ಉತ್ತರದ ಗೇಟಿಗೆ ಕಟ್ಟಿದ ಹಗ್ಗ

ಲೂರ್ಡಿಸ್ ಅವಿಲಾ ಮಕ್ಕಳನ್ನು ಎಣಿಸುತ್ತಿದ್ದದ್ದು ಅವರು ಮಂಡಿಯೂರಿದಾಗ. ಆಟದ ಬಿಡುವು ಮುಗಿದ ಗಂಟೆ ಹೊಡೆದ ತಕ್ಷಣ ಮೈದಾನದಲ್ಲಿ ಯಾರು ಎಲ್ಲಿದ್ದಾರೋ ಅಲ್ಲೇ ಒಂದು ಮಂಡಿ ನೆಲಕ್ಕೆ ಊರಿ ಸುಮ್ಮನಾಗಬೇಕು. ಅವಳು ಸೀಟಿ ಊದಿದ ಮೇಲೆ ಎದ್ದು, ಓಡದೆ, ನಡೆದುಕೊಂಡು ಸಾಲಿಗೆ ಬರಬೇಕು. ನಮ್ಮ ಕಡೆ ಶಾಲೆಗಳಲ್ಲಿ ಇದು ಹಳೆಯ ಪದ್ಧತಿ. ಆ ಅರ್ಧ ನಿಮಿಷದಲ್ಲಿ ಅವಳು ನೂರ ಅರವತ್ತು ತಲೆ ಎಣಿಸಿ ಮುಗಿಸುತ್ತಿದ್ದಳು. ಎಣಿಸು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

"ನಮ್ಮಪ್ಪ ಹಸು ಎಣಿಸ್ತಿದ್ದಿದ್ದೂ ಹೀಗೇ ಕಣೆ ವೆಲ್ಮಾ," ಅಂದಿದ್ದಳು ಒಮ್ಮೆ. "ಮಲಗಿದಾಗ ಎಣಿಸ್ಬೇಕು. ಓಡಾಡ್ತಿರುವಾಗ ಎಣಿಸಿದ್ರೆ ಒಂದೇ ಹಸು ಎರಡು ಸಲ ಬಂದುಬಿಡುತ್ತೆ."

"ಮಕ್ಕಳ ಅಪ್ಪ ಅಮ್ಮಂದಿರ ಮುಂದೆ ಈ ಮಾತು ಆಡ್ಬೇಡ," ಅಂದೆ ನಾನು.

ವೆಲ್ಮಾ ಅಂದರೆ ನಾನೇ. ಆ ಶಾಲೆಯ ಅಡುಗೆಮನೆಯಲ್ಲಿ ಹತ್ತೊಂಬತ್ತು ವರ್ಷದಿಂದ ಬೀನ್ಸ್ ಬೇಯಿಸುತ್ತಿದ್ದೇನೆ. ನನ್ನ ಪಾತ್ರೆ ತೊಳೆಯುವ ತೊಟ್ಟಿಯ ಮೇಲೊಂದು ಕಿಟಕಿ ಇದೆ. ಅದರಿಂದ ಇಡೀ ಮೈದಾನ ಕಾಣುತ್ತದೆ, ಉತ್ತರದ ಗೇಟೂ ಕಾಣುತ್ತದೆ. ಆದ್ದರಿಂದ ಮುಂದೆ ಹೇಳುವುದರಲ್ಲಿ ಅರ್ಧ ನಾನು ಕಣ್ಣಾರೆ ಕಂಡದ್ದು, ಉಳಿದರ್ಧ ಲೂರ್ಡಿಸ್ ನನ್ನ ಕಾರಿನಲ್ಲಿ ಕೂತು ಹೇಳಿದ್ದು. ಶಾಲಾ ಆಡಳಿತದವರ ಹತ್ತಿರ ಬೇರೆ ಕಥೆಯೊಂದಿದೆ. ಅದಕ್ಕೆ ಅವರೆಲ್ಲ ಸಹಿ ಹಾಕಿದ್ದಾರೆ.

ಅವಳ ಅಪ್ಪ ಸಮುದ್ರದಾಚೆಯ ಅಜೋರ್ಸ್ ದ್ವೀಪದಿಂದ ಬಂದವನು. ಹತ್ತು ವರ್ಷ ಇನ್ನೊಬ್ಬರ ಹಸುಗಳ ಹಾಲು ಕರೆದು, ಆಮೇಲೆ ನಲವತ್ತು ಹಸುಗಳ ಸ್ವಂತ ಡೈರಿ ಮಾಡಿದ. ಲೂರ್ಡಿಸ್ ಬೆಳಗಿನ ಹಾಲು ಕರೆದೇ ಶಾಲೆಗೆ ಬರುತ್ತಿದ್ದಳಂತೆ. ಬಸ್ಸಿನಲ್ಲಿ ಅವಳ ಪಕ್ಕ ಯಾರೂ ಕೂರುತ್ತಿರಲಿಲ್ಲವಂತೆ. ಹಾಲಿನ ಟ್ಯಾಂಕರ್ ಓಡಿಸುವ ನಾರ್ಬರ್ಟೊನನ್ನು ಮದುವೆಯಾದಳು. ಮಗಳು ಒಂದನೇ ಕ್ಲಾಸಿಗೆ ಸೇರಿದ ವರ್ಷ, ಮೈದಾನ ನೋಡಿಕೊಳ್ಳುವಾಕೆ ಕಾಲು ಮುರಿದುಕೊಂಡಳು. ಒಂದು ವಾರ ಯಾರಾದರೂ ತಾಯಂದಿರು ಬರುತ್ತೀರಾ ಎಂದು ಆಫೀಸಿನವರು ಕೇಳಿದರು. ಒಂದು ವಾರಕ್ಕೆಂದು ಬಂದ ಲೂರ್ಡಿಸ್ ಇಪ್ಪತ್ಮೂರು ವರ್ಷ ಉಳಿದಳು.

ಕಿತ್ತಳೆ ಬಣ್ಣದ ಅಂಗಿ, ಶೂ ದಾರಕ್ಕೆ ಕಟ್ಟಿದ ಸೀಟಿ, ಒಂದು ಜೇಬಿನಲ್ಲಿ ಬ್ಯಾಂಡೇಜು, ಇನ್ನೊಂದರಲ್ಲಿ ಚೀಟಿ ಪುಸ್ತಕ. ಮಗು ಬಿದ್ದು ತಲೆಗೆ ಪೆಟ್ಟಾದರೆ ಚೀಟಿ ಬರೆಯಬೇಕು: ಬಿಳಿ ಹಾಳೆ ಆಫೀಸಿಗೆ, ಹಳದಿ ಹಾಳೆ ಮಗುವಿನ ಕೈಲಿ ಮನೆಗೆ. ಬೇರೆಯವರು 'ಬಿದ್ದ, ಐಸ್ ಇಟ್ಟೆ' ಎಂದು ಗೀಚಿ ಕಳಿಸುತ್ತಾರೆ. ಇವಳು ಮಾತ್ರ ಎಲ್ಲಿ ಬಿದ್ದ, ಯಾರನ್ನು ಅಟ್ಟಿಸಿಕೊಂಡು ಹೋಗುತ್ತಿದ್ದ, ಎಷ್ಟು ಹೊತ್ತು ಅತ್ತ ಎಂದು ಆ ಒಂದು ಗೆರೆಯ ಮೇಲೆ ಇರುವೆ ಸಾಲಿನ ಹಾಗೆ ತುಂಬುತ್ತಿದ್ದಳು. "ನಿನ್ನ ಚೀಟಿ ಓದೋದ್ರೊಳಗೆ ಮಗು ವಾಸಿಯಾಗಿರುತ್ತೆ" ಎಂದು ನಾನು ರೇಗಿಸುತ್ತಿದ್ದೆ.

ಈಸ್ಟರ್ ವಾರ ಮೊಟ್ಟೆಯನ್ನು ಸಿಪ್ಪೆ ಸಮೇತ ಒಳಗಿಟ್ಟು ಬೇಯಿಸಿದ ಸಿಹಿ ಬ್ರೆಡ್ ತರುತ್ತಿದ್ದಳು. ಬೇಡ ಅಂದವರ ಜೊತೆ ಸೋಮವಾರದವರೆಗೆ ಮಾತಿಲ್ಲ. ಅವಳು ಸಾಧು ಪ್ರಾಣಿಯೇನೂ ಅಲ್ಲ. ಐದನೇ ಕ್ಲಾಸಿನ ಹುಡುಗರು ಅವಳ ಕಣ್ಣಿಗೆ ಬೀಳದ ಹಾಗೆ ಸುತ್ತು ಹಾಕಿಕೊಂಡು ಹೋಗುತ್ತಿದ್ದರು.

ಮೊದಲು ಮೈದಾನಕ್ಕೆ ಇಬ್ಬರಿದ್ದರು. ಜೊತೆಯವಳು ನಿವೃತ್ತಿಯಾದ ಮೇಲೆ ಆ ಜಾಗ ಖಾಲಿಯೇ ಉಳಿಯಿತು. ನೂರ ಅರವತ್ತು ಮಕ್ಕಳಿಗೆ ಒಬ್ಬಳೇ. ಅದೇ ಬೇಸಿಗೆಯಲ್ಲಿ ಸಾಮಾನು ಇಳಿಸಲು ಬಂದ ಲಾರಿಯೊಂದು ಉತ್ತರದ ಗೇಟಿನ ಕಂಬಕ್ಕೆ ಗುದ್ದಿ, ಗೇಟಿನ ಚಿಲಕ ಕೂರದಂತಾಯಿತು. ಕೈಯಿಂದ ತಳ್ಳಿದರೆ ಸಾಕು, ಗೇಟು ಬೀದಿಗೆ ತೆರೆದುಕೊಳ್ಳುತ್ತಿತ್ತು.

ನಮ್ಮಲ್ಲಿ ಏನಾದರೂ ಕೆಟ್ಟರೆ ರಿಪೇರಿ ವಿಭಾಗದ ಕಂಪ್ಯೂಟರಿಗೆ ದೂರು ಹಾಕಬೇಕು. ಹಾಕುವುದು ಆಫೀಸಿನವರು. ಅರವತ್ತು ದಿನದೊಳಗೆ ಯಾರೂ ಬರದಿದ್ದರೆ ಆ ದೂರಿನ ಮುಂದೆ 'ಮುಗಿದಿದೆ' ಎಂದು ತಾನಾಗಿಯೇ ಬೀಳುತ್ತದೆ. ಕಂಪ್ಯೂಟರಿನ ಲೆಕ್ಕದಲ್ಲಿ ನಮ್ಮ ಗೇಟು ಎರಡು ಸಲ ಸರಿಯಾಗಿತ್ತು.

ಲೂರ್ಡಿಸ್ ವಾರ ವಾರ ಹೋಗಿ ಕೇಳುತ್ತಿದ್ದಳು. ಮುಖ್ಯೋಪಾಧ್ಯಾಯಿನಿ ಮಿಸ್ ಫಾಲೆಟ್ ನಗುತ್ತ, "ನಮ್ಮ ಲಿಸ್ಟಲ್ಲಿದೆ ಲೂರ್ಡಿಸ್, ಖಂಡಿತ ನೋಡ್ತೀವಿ" ಎಂದು ಮೂಗಿಗೆ ತುಪ್ಪ ಸವರಿ ಕಳಿಸುತ್ತಿದ್ದರು. ಮಿಸ್ ಫಾಲೆಟ್ ಕೆಟ್ಟವರಲ್ಲ. ಆದರೆ ಯಾವುದನ್ನೂ ಕಾಗದದ ಮೇಲೆ ಇಳಿಸದ ಜಾತಿ. ಹೇಳುವುದೆಲ್ಲ ನಡೆದಾಡುತ್ತ ಬಾಯಲ್ಲೇ.

ಕಡೆಗೆ ಲೂರ್ಡಿಸ್ ಕೆಂಪು ಬಣ್ಣದ ಸ್ಕಿಪ್ಪಿಂಗ್ ಹಗ್ಗ ತಂದು ಗೇಟಿಗೆ ಕಟ್ಟಿದಳು. ಬಿಡುವಿಗೆ ಮುಂಚೆ ಕಟ್ಟುವುದು, ಮುಗಿದ ಮೇಲೆ ಬಿಚ್ಚುವುದು. ಅದು ಕರುವಿಗೆ ಹಾಕುವ ಗಂಟು, ಎಳೆದಷ್ಟೂ ಬಿಗಿಯುತ್ತದೆ. ಆರು ವರ್ಷದ ಬೆರಳುಗಳಿಗೆ ಬಿಚ್ಚಲು ಬರುವುದಿಲ್ಲ. ಏಳು ತಿಂಗಳು ಆ ಶಾಲೆಯ ಭದ್ರತೆ ಅಂದರೆ ಆ ಹಗ್ಗ.

ಮಾರ್ಚ್ ತಿಂಗಳ ಒಂದು ಮಂಗಳವಾರ ಅಗ್ನಿಶಾಮಕ ಇಲಾಖೆಯವನು ತಪಾಸಣೆಗೆ ಬಂದ. ಬೆಂಕಿ ಬಿದ್ದಾಗ ಮಕ್ಕಳು ಹೊರಗೋಡಲು ಇರುವ ದಾರಿಗಳಲ್ಲಿ ಉತ್ತರದ ಗೇಟೂ ಒಂದು. ಅದನ್ನು ಕಟ್ಟುವುದು ಕಾನೂನಿಗೆ ವಿರುದ್ಧ. ಅವನು ಹೇಳಿದ್ದು ಸುಳ್ಳಲ್ಲ. ಒಳಗಿನಿಂದ ತೆರೆಯುವ, ಆದರೆ ಮಕ್ಕಳ ಕೈಗೆಟುಕದ ಚಿಲಕ ಹಾಕಿಸಿ ಅಂದ. ಅವನು ಹೋದ ಮೇಲೆ ಮಿಸ್ ಫಾಲೆಟ್ ನನ್ನ ಅಡುಗೆಮನೆಯ ಬಾಗಿಲಲ್ಲೇ ಲೂರ್ಡಿಸ್‌ಳನ್ನು ನಿಲ್ಲಿಸಿದರು.

"ಆ ಹಗ್ಗ ತೆಗೆದುಬಿಡಿ. ಇನ್ಮೇಲೆ ಕಟ್ಬೇಡಿ."

"ಚಿಲಕ?"

"ಹೇಳಿದೀನಿ, ಬರ್ತಾರೆ."

"ಯಾವಾಗ ಬರ್ತಾರೆ? ಅಲ್ಲೀತನಕ ಗೇಟು ಯಾರು ನೋಡ್ಕೋಬೇಕು?"

"ನೀವಿದ್ದೀರಲ್ಲ ಲೂರ್ಡಿಸ್. ನಿಮ್ಮ ಕಣ್ಣು ತಪ್ಪಿಸಿ ಯಾರು ಹೋಗ್ತಾರೆ ಹೇಳಿ."

ಹೊಗಳಿಕೆ ಎಂದುಕೊಂಡು ಅವಳು ಹೋಗಿ ಹಗ್ಗ ಬಿಚ್ಚಿ ತೆಗೆದಿಟ್ಟಳು. ನಾನು ಟೋಮೇಟೊ ಡಬ್ಬ ಒಡೆಯುತ್ತ ಎಲ್ಲವನ್ನೂ ಕೇಳಿಸಿಕೊಂಡೆ. ಮುಂದಿನ ಡಬ್ಬಕ್ಕೆ ಕೈ ಹಾಕಿದೆ.

ಗುರುವಾರ ಹತ್ತೂಕಾಲಿನ ಬಿಡುವು. ಜಾರುಬಂಡೆಯ ಹತ್ತಿರ ಒಬ್ಬ ಹುಡುಗನ ಮೂಗಿನಿಂದ ರಕ್ತ ಸೋರುತ್ತಿತ್ತು, ಲೂರ್ಡಿಸ್ ಅವನ ಪಕ್ಕ ಕೂತಿದ್ದಳು. ಅದು ಮೈದಾನದ ದಕ್ಷಿಣದ ತುದಿ. ಬೀದಿಯಲ್ಲಿ ಐಸ್‌ಕ್ಯಾಂಡಿ ಗಾಡಿಯ ಗಂಟೆ ಕೇಳಿಸಿತು. ಆ ಗಂಟೆ ಕೇಳಿದರೆ ನಮ್ಮೂರ ಮಕ್ಕಳ ಕಾಲು ನಿಲ್ಲುವುದಿಲ್ಲ. ಆಮೇಲೆ ಒಂದು ಬ್ರೇಕಿನ ಸದ್ದು. ಬೀದಿಯಲ್ಲಿ ಅಂಥ ಸದ್ದು ದಿನಕ್ಕೆ ಹತ್ತು ಕೇಳುತ್ತೇವೆ, ನಾನು ತಲೆ ಎತ್ತಲಿಲ್ಲ.

ಬಿಡುವಿನ ಗಂಟೆ ಹೊಡೆಯಿತು. ಮಕ್ಕಳು ಮಂಡಿಯೂರಿದರು. ಲೂರ್ಡಿಸ್ ಎಣಿಸಿದಳು. ಮತ್ತೆ ಎಣಿಸಿದಳು. ಸೀಟಿ ಬಾಯಲ್ಲೇ ಇತ್ತು, ಊದಲಿಲ್ಲ. ಅವಳು ಓಡಿದ್ದನ್ನು ನಾನು ಅವತ್ತೇ ಮೊದಲ ಸಲ ನೋಡಿದ್ದು. ಸೀಟಿ ಊದದೆ ಏಳಬಾರದಲ್ಲ, ಆದ್ದರಿಂದ ನೂರ ಐವತ್ತೊಂಬತ್ತು ಮಕ್ಕಳು ಹಾಗೇ ಮಂಡಿಯೂರಿ ಕೂತಿದ್ದರು. ಟೀಚರುಗಳು ಬಂದು ಎಬ್ಬಿಸುವವರೆಗೂ ಕೂತೇ ಇದ್ದರು. ನನಗೆ ಆಂಬುಲೆನ್ಸಿಗಿಂತ ಹೆಚ್ಚಾಗಿ ಅದೇ ನೆನಪಿರುವುದು.

ಹೊರಗೆ ಹೋದವಳು ಮೈಸೀ ಥಾವ್, ಒಂದನೇ ಕ್ಲಾಸು. ಅಜ್ಜಿಯ ಜೊತೆ ಇರುವ, ವಲಸೆ ಬಂದ ಹ್ಮಾಂಗ್ ಜನಾಂಗದ ಹುಡುಗಿ, ತುಟಿಯ ಮೇಲೊಂದು ಮಚ್ಚೆ, ಬೀನ್ಸ್ ಬೇಡ ಅನ್ನದೆ ತಿನ್ನುವ ಒಂದೇ ಮಗು. ಬಾದಾಮಿ ತೋಟಕ್ಕೆ ಹೋಗುತ್ತಿದ್ದ ಪಿಕಪ್ ಗಾಡಿ ಅವಳಿಗೆ ಬಡಿದಿತ್ತು. ಜೀವ ಉಳಿಯಿತು. ಸೊಂಟದ ಎಲುಬು, ಎಡಗಾಲು ಮುರಿದವು. ನಾಲ್ಕು ಆಪರೇಷನ್ನು.

ಮಾರನೆಯ ದಿನ ನಮ್ಮೆಲ್ಲರನ್ನೂ ಲೈಬ್ರರಿಯಲ್ಲಿ ಕೂರಿಸಿದರು. ಶಾಲಾ ಆಡಳಿತದ ವಕೀಲ ಹಾಲಿಸ್ಟರ್ ಬಂದಿದ್ದ. ಮಗು ಹೇಗಿದೆ ಎಂದು ಅರ್ಧ ನಿಮಿಷ ಮಾತಾಡಿ, ಉಳಿದ ಇಪ್ಪತ್ತು ನಿಮಿಷ ಒಂದೇ ಮಾತು ತಿರುಗಿಸಿ ತಿರುಗಿಸಿ ಹೇಳಿದ. "ಯಾರೂ ಏನೂ ಬರೀಬೇಡಿ. ಇಮೇಲ್ ಬೇಡ, ಡೈರಿ ಬೇಡ, ಫೋನಲ್ಲಿ ಮೆಸೇಜ್ ಬೇಡ." ಗೇಟು ಹಾಳಾಗಿದ್ದು ಮೊದಲೇ ತಿಳಿದಿತ್ತೋ ಇಲ್ಲವೋ ಎಂಬುದರ ಮೇಲೆ ಹೊಣೆ ಯಾರದೆಂದು ತೀರ್ಮಾನವಾಗುತ್ತದಂತೆ. ತಿಳಿದಿರಲಿಲ್ಲ ಅನ್ನಿಸಿಕೊಳ್ಳಲು ಅಷ್ಟೊಂದು ಜನ ಒಂದೇ ಕೋಣೆಯಲ್ಲಿ ಕಷ್ಟಪಡುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ವಾರದೊಳಗೆ ಲೂರ್ಡಿಸ್‌ಗೆ ಕಾಗದ ಬಂತು. ಮಿಸ್ ಫಾಲೆಟ್ ಎಂದೂ ಬರೆಯದಿದ್ದವರು ಅವತ್ತು ಬರೆದಿದ್ದರು: 'ಉದ್ಯೋಗಿಯು ಗೇಟಿಗೆ ಹಾಕಿದ್ದ ತಡೆಯನ್ನು ತಾನೇ ತೆಗೆದು, ಅದರ ಮೇಲೆ ನಿಗಾ ಇಡಲು ತಪ್ಪಿದ್ದಾಳೆ.' ಇದು ಅವಳ ಕಡತದಲ್ಲಿ ಶಾಶ್ವತವಾಗಿ ಇರುತ್ತದೆ. ಎಲ್ಲ ಗೂಬೆಯನ್ನೂ ತಂದು ಅವಳ ತಲೆಯ ಮೇಲೆ ಕೂರಿಸಿದ್ದರು. ಕೆಲಸದಿಂದ ತೆಗೆಯಲಿಲ್ಲ ನೋಡಿ. ತೆಗೆದರೆ ಅವಳು ಬಾಯಿ ಬಿಟ್ಟಾಳು ಎಂಬ ಭಯ.

ಇಗರ್ಜಿಯಲ್ಲಿ ಪೂಜೆ ಮುಗಿದು ಕಾಫಿ ಕುಡಿಯುವಾಗ ಅವಳ ಸ್ವಂತ ನಾದಿನಿಯೇ ಕೇಳಿದಳಂತೆ. "ಅಲ್ಲ ಲೂರ್ಡಿಸ್, ಅಷ್ಟು ದಿನ ಕಟ್ಟಿದ್ದೆಯಲ್ಲ, ಯಾಕೆ ಬಿಚ್ಚೋಕೆ ಹೋದೆ?"

"ನನಗೆ ಇನ್ನೇನೂ ಬೇಡ ವೆಲ್ಮಾ," ಅಂದಳು ನನ್ನ ಹತ್ತಿರ. "ಬಿಚ್ಚು ಅಂತ ಹೇಳಿದ್ದು ಇಂಥವರು ಅಂತ ಒಂದೇ ಒಂದು ಸಾಲು ಬರೀಲಿ. ಆ ಕಾಗದ ತೆಗೀಲಿ. ಅಷ್ಟೇ."

ಮೈಸೀಯ ಅಜ್ಜಿ ಮೊಕದ್ದಮೆ ಹೂಡಿದಳು. ಅವಳ ಪರವಾಗಿ ಬಂದ ವಕೀಲೆ ಮಿಸ್ ಓಯಾಮಾ, ಸಣ್ಣ ಹೆಂಗಸು, ದೊಡ್ಡ ಚೀಲ. ಲೂರ್ಡಿಸ್ ವಕೀಲರ ಆಫೀಸಿಗೆ ಪ್ರಮಾಣ ಮಾಡಿ ಹೇಳಿಕೆ ಕೊಡಲು ಹೋಗುವ ದಿನ ನಾನೇ ಕಾರಿನಲ್ಲಿ ಕರೆದೊಯ್ದೆ. ಹಾಲಿಸ್ಟರ್ ಅವಳ ಪಕ್ಕದಲ್ಲೇ ಕೂತಿದ್ದನಂತೆ, ಅವಳದೇ ವಕೀಲನ ಹಾಗೆ. ಒಳಗೆ ಹೋಗುವ ಮುಂಚೆ ಕಾರಿಡಾರಿನಲ್ಲಿ ಪಾಠ ಹೇಳಿಕೊಟ್ಟಿದ್ದನ್ನು ನಾನೂ ಕೇಳಿದೆ. "ಕೇಳಿದ್ದಕ್ಕಷ್ಟೇ ಉತ್ತರ. ಸರಿಯಾಗಿ ನೆನಪಿಲ್ಲದಿದ್ರೆ ನೆನಪಿಲ್ಲ ಅನ್ನಿ. ಯಾರೂ ತಪ್ಪು ತಿಳ್ಕೊಳ್ಳಲ್ಲ."

"ನನಗೆ ಎಲ್ಲ ನೆನಪಿದೆ," ಅಂದಳು ಲೂರ್ಡಿಸ್.

"ಅದೇ ತೊಂದ್ರೆ," ಅಂದು ನಕ್ಕ ಅವನು.

ಒಳಗೆ ಅವಳು ಎಲ್ಲವನ್ನೂ ಹೇಳಿದಳು. ವಾರ ವಾರ ಹೇಳಿದ್ದು, ಹಗ್ಗ, ತಪಾಸಣೆ, ಅಡುಗೆಮನೆಯ ಬಾಗಿಲು. ಇದಕ್ಕೆಲ್ಲ ಬರವಣಿಗೆ ಏನಾದರೂ ಇದೆಯೇ ಎಂದು ಕೇಳಿದರು. ಇಲ್ಲ ಅಂದಳು. ಕಂಪ್ಯೂಟರಿನಲ್ಲಿ ಆ ದೂರುಗಳ ಮುಂದೆ 'ಮುಗಿದಿದೆ' ಎಂದೇ ಇತ್ತು. ಮಿಸ್ ಫಾಲೆಟ್ ತಮ್ಮ ಹೇಳಿಕೆಯಲ್ಲಿ, ನಿಯಮ ಪಾಲಿಸಿ ಅಂದೆ, ಬಿಚ್ಚಿ ಅನ್ನಲಿಲ್ಲ ಎಂದಿದ್ದರು. ನಾನು ಕೇಳಿಸಿಕೊಂಡಿದ್ದೇನೆ ಎಂದು ನಾನಾಗಿಯೇ ಹೋಗಿ ಹೇಳಿದೆ. ಅಡುಗೆಮನೆಯ ಫ್ಯಾನು ಸದ್ದು ಮಾಡುತ್ತದಲ್ಲವೇ, ನಿಮಗೆ ಅವಳು ಗೆಳತಿಯಲ್ಲವೇ ಎಂದು ಹಾಲಿಸ್ಟರ್ ನನ್ನನ್ನೇ ಹಣ್ಣುಗಾಯಿ ಮಾಡಿದ.

ಆಮೇಲೆ ಚೀಟಿ ಸಿಕ್ಕಿತು. ಮೈಸೀಯ ಅಜ್ಜಿಗೆ ಇಂಗ್ಲಿಷ್ ಓದಲು ಬಾರದು. ಬಾರದ್ದರಿಂದಲೇ ಶಾಲೆಯಿಂದ ಬಂದ ಒಂದು ಕಾಗದವನ್ನೂ ಅವಳು ಎಸೆದಿರಲಿಲ್ಲ. ಯಾವುದು ಮುಖ್ಯವೋ ಯಾರಿಗೆ ಗೊತ್ತು ಎಂದು ಊಟದ ಮೆನುವಿನಿಂದ ಹಿಡಿದು ಎಲ್ಲವನ್ನೂ ಬಿಸ್ಕತ್ತಿನ ಡಬ್ಬದಲ್ಲಿ ತುಂಬಿಟ್ಟಿದ್ದಳು. ಅದರಲ್ಲಿ ಅಕ್ಟೋಬರ್ ತಿಂಗಳ ಹಳದಿ ಚೀಟಿಯೊಂದು, ಲೂರ್ಡಿಸ್‌ಳ ಇರುವೆ ಸಾಲು: 'ಉತ್ತರದ ಗೇಟಿನ ಹತ್ತಿರ ಎಡವಿ ಹಣೆ ತಾಗಿತು, ಐದು ನಿಮಿಷ ಅತ್ತಳು. ಗೇಟಿನ ಚಿಲಕ ಇನ್ನೂ ಕೆಟ್ಟೇ ಇದೆ, ಆಫೀಸಿಗೆ ಆರನೇ ಸಲ ಹೇಳಿದೆ, ಹಗ್ಗ ಕಟ್ಟಿದ್ದೇನೆ.' ಅಪಘಾತಕ್ಕೆ ಐದು ತಿಂಗಳ ಹಿಂದಿನ ತಾರೀಖು. ಆಫೀಸಿನ ಬಿಳಿ ಹಾಳೆಗಳನ್ನು ಚೂರು ಮಾಡಿ ಆಗಿತ್ತಂತೆ.

ಬರೆದದ್ದು ಅವಳಿಗೇ ಮರೆತು ಹೋಗಿತ್ತು. ಎರಡನೆಯ ಸಲ ಹೇಳಿಕೆಗೆ ಕರೆದಾಗ ಮಿಸ್ ಓಯಾಮಾ ಆ ಚೀಟಿಯನ್ನು ಮೇಜಿನ ಮೇಲಿಟ್ಟರು. ಇನ್ನೇನು, ಗೆದ್ದೆವು ಎಂದುಕೊಂಡು ನಾನು ಕಾರಿನಲ್ಲಿ ಕೂತು ಎರಡು ಡೋನಟ್ ತಿಂದೆ.

ಲೂರ್ಡಿಸ್ ಬಂದು ಬಾಗಿಲು ಹಾಕಿಕೊಂಡಳು. ಮುಖ ಸುಣ್ಣದ ಹಾಗಿತ್ತು.

"ಏನಾಯ್ತೇ?"

"ಆ ಹಾಲಿಸ್ಟರ್ ಚೀಟಿ ಕೈಗೆ ತಗೊಂಡು ಓದಿದ. ಇದು ನೀವು ಬರ್ದಿದ್ದಾ ಅಂದ. ಹೌದು ಅಂದೆ. ಇದನ್ನ ಮನೆಗೆ ಕಳಿಸಿದ್ರಾ ಅಂದ. ಹೌದು ಅಂದೆ. ಅಂದ್ರೆ ಗೇಟು ಸರಿಯಿಲ್ಲ ಅಂತ ಆ ಕುಟುಂಬಕ್ಕೆ ಐದು ತಿಂಗಳು ಮೊದಲೇ ತಿಳಿಸಿದ್ರಿ ಅಂದ."

"ಅಂದ್ರೆ?"

"ಅಂದ್ರೆ ಏನು. ಗೊತ್ತಿದ್ದೂ ಮಗೂನ ಕಳಿಸಿದ್ದು ಅಜ್ಜಿಯ ತಪ್ಪು. ನಾನು ಬರ್ದಿದ್ದನ್ನೇ ಆ ಮುದುಕಿ ಕಡೆ ತಿರುಗಿಸಿಬಿಟ್ಟ, ವೆಲ್ಮಾ. ಜೊತೆಗೆ, ಹೇಳಬೇಕಾದ ಜಾಗದಲ್ಲಿ ಹೇಳದೆ ಚೀಟೀಲಿ ಬರೆದದ್ದು ನಿಯಮ ಉಲ್ಲಂಘನೆಯಂತೆ. ಅದಕ್ಕೊಂದು ಕಾಗದ ಬರುತ್ತಂತೆ."

ನನಗೆ ಬಂದ ಸಿಟ್ಟಿಗೆ ಮಿಕ್ಕ ಡೋನಟ್‌ಗಳನ್ನು ಕಿಟಕಿಯಿಂದ ಎಸೆದೆ. ಅವು ಹಾಲಿಸ್ಟರ್‌ನ ಕಾರಿಗೆ ಬಿದ್ದಿದ್ದರೆ ಚೆನ್ನಾಗಿತ್ತು, ಬೇಲಿಗೆ ಬಿದ್ದವು.

ಆದರೂ ಚೀಟಿಗೆ ಅವರು ಹೆದರಿದ್ದರು. ಕೋರ್ಟಿನ ಮೆಟ್ಟಿಲು ಹತ್ತುವ ಮೊದಲೇ ರಾಜಿಯಾಯಿತು. ಮಗುವಿನ ಆಸ್ಪತ್ರೆ, ಮುಂದಿನ ಚಿಕಿತ್ಸೆ ಎಲ್ಲವನ್ನೂ ಒಪ್ಪಿಕೊಂಡರು. ಕಾಗದದಲ್ಲಿ ಮಾತ್ರ, ಇದರಲ್ಲಿ ಯಾರ ತಪ್ಪನ್ನೂ ಯಾರೂ ಒಪ್ಪಿಕೊಂಡಿಲ್ಲ ಎಂದು ಬರೆದು, ಈ ಬಗ್ಗೆ ಯಾರೂ ಮಾತಾಡಕೂಡದು ಎಂದು ಸಹಿ ಹಾಕಿಸಿಕೊಂಡು ಕೈ ತೊಳೆದುಕೊಂಡರು. ಲೂರ್ಡಿಸ್‌ಳ ಹೆಸರು ಅದರಲ್ಲಿ ಎಲ್ಲೂ ಬರಲಿಲ್ಲ. ಅವಳ ಕಡತದ ಕಾಗದಗಳ ಬಗ್ಗೆ ಕೇಳಿದರೆ, ಅವು ಬೇರೆ ವಿಭಾಗದವು ಅಂದರು. ಆ ವಿಭಾಗದವರು ಮೊದಲಿನವರನ್ನೇ ಕೇಳಿ ಅಂದರು.

ಮರು ವರ್ಷ ಆಗಸ್ಟ್‌ನಲ್ಲಿ ಶಾಲೆ ಶುರುವಾಗುವ ಮುಂಚೆ ಒಬ್ಬ ಮನುಷ್ಯ ಬಂದು ಉತ್ತರದ ಗೇಟಿಗೆ ಹೊಸ ಚಿಲಕ ಹಾಕಿದ. ನಾನು ಗಡಿಯಾರ ನೋಡಿದೆ: ಇಪ್ಪತ್ತೆರಡು ನಿಮಿಷ. ಅದರಲ್ಲಿ ನಾಲ್ಕು ನಿಮಿಷ ಫೋನಿನಲ್ಲಿ ಮಾತಾಡಿದ. ಹೊಸ ಚೀಟಿ ಪುಸ್ತಕಗಳೂ ಬಂದವು. ಬರೆಯುವ ಗೆರೆ ಹೋಗಿ ಚೌಕಗಳು ಬಂದಿದ್ದವು: ತಲೆ, ಕೈ, ಕಾಲು; ಐಸ್, ಬ್ಯಾಂಡೇಜು. ಟಿಕ್ ಹಾಕಿದರೆ ಆಯಿತು. ಮೈದಾನಕ್ಕೆ ಎರಡನೆಯವಳು ಬರಲೇ ಇಲ್ಲ.

ಅಕ್ಟೋಬರ್‌ನಲ್ಲಿ ಒಂದು ದಿನ ಬಿಡುವಿನ ಹೊತ್ತಿಗೆ, ಆಸ್ಪತ್ರೆಯಲ್ಲಿ ತೋರಿಸಿಕೊಂಡು ನೇರವಾಗಿ, ಅಜ್ಜಿ ಮೈಸೀಯನ್ನು ಶಾಲೆಗೆ ಕರೆತಂದಳು. ಅಪಘಾತವಾಗಿ ಹತ್ತೊಂಬತ್ತು ತಿಂಗಳಾಗಿತ್ತು. ಮಗು ಕಂಕುಳ ಕೋಲು ಹಿಡಿದು, ಎಡಗಾಲನ್ನು ಹೊರಕ್ಕೆ ಹಾಕುತ್ತ ನಡೆಯುತ್ತಿತ್ತು. ಆಫೀಸಿನ ಕಡೆಯಿಂದ ಇಬ್ಬರೂ ಮೈದಾನದ ಅಂಚಿಗೆ, ನನ್ನ ಕಿಟಕಿಯ ಕೆಳಗೇ ಬಂದರು. ಲೂರ್ಡಿಸ್ ಕಿತ್ತಳೆ ಅಂಗಿಯಲ್ಲಿ ಅವರ ಎದುರು ಬಂದು ನಿಂತಳು. ಯಾರೂ ಮಾತಾಡಕೂಡದು ಎಂಬ ಸಹಿ ನನ್ನ ನೆನಪಿಗೆ ಬಂತು.

ಅಜ್ಜಿ ತನ್ನ ಭಾಷೆಯಲ್ಲಿ ಏನೋ ಕೇಳಿದಳು. ಮೈಸೀ ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದಳು. "ಗೇಟಿಗೆ ಹಗ್ಗ ಕಟ್ತಿದ್ದಿದ್ದು ನೀವಾ ಅಂತ ಕೇಳ್ತಿದ್ದಾರೆ, ಮಿಸೆಸ್ ಅವಿಲಾ."

"ಹೌದು ಮರಿ. ನಾನೇ."

ಇನ್ನೊಂದು ಪ್ರಶ್ನೆ. ಮಗು ಸ್ವಲ್ಪ ಹಿಂಜರಿಯಿತು. "ಬಿಚ್ಚಿದ್ದು ಯಾರು ಅಂತ."

ಲೂರ್ಡಿಸ್ ಒಂದೂವರೆ ವರ್ಷದಿಂದ ಕಾದಿದ್ದ ಪ್ರಶ್ನೆ ಅದು. ಉತ್ತರ ನನಗೂ ಬಾಯಿಪಾಠ: ಬಿಚ್ಚು ಅಂದವರು ಇಂಥವರು, ಇಂಥ ದಿನ, ಅಡುಗೆಮನೆಯ ಬಾಗಿಲಲ್ಲಿ. ತೊಟ್ಟಿಯ ಮೇಲೆ ಬಗ್ಗಿ ನಿಂತು, ಹೇಳೇ, ಹೇಳೇ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

"ಅದೂ ನಾನೇ," ಅಂದಳು ಲೂರ್ಡಿಸ್. "ಬಿಚ್ಚು ಅಂದ್ರು, ಬಿಚ್ಚಿದೆ. ಬಿಚ್ಚಬಾರದಿತ್ತು."

ಮೈಸೀ ಹೇಳಿದಳು. ಅಜ್ಜಿ ಲೂರ್ಡಿಸ್‌ಳ ಮುಖವನ್ನೇ ನೋಡಿದಳು. ಕ್ಷಮಿಸಿದಳೋ ಇಲ್ಲವೋ ನನಗೆ ತಿಳಿಯದು, ಅಜ್ಜಿಯ ಮುಖ ನನಗೆ ಓದಲು ಬರಲಿಲ್ಲ. ಆಮೇಲೆ ಮೊಮ್ಮಗಳ ಕೈಯನ್ನು ತೆಗೆದು ಲೂರ್ಡಿಸ್‌ಳ ಕೈಯೊಳಗಿಟ್ಟು, ಚೀಲ ಸರಿಮಾಡಿಕೊಂಡು ಹೊರಟು ಹೋದಳು.

ಒಂದು ವರ್ಷ ಕಳೆದುಕೊಂಡ ಮೈಸೀ ಸೇರಬೇಕಾದ ಎರಡನೇ ಕ್ಲಾಸಿನ ಕೋಣೆ ಕಟ್ಟಡದ ಆಚೆ ಬದಿಗಿದೆ. ಆ ಮಗುವಿನ ನಡಿಗೆಗೆ ಹತ್ತು ನಿಮಿಷ. ಲೂರ್ಡಿಸ್ ಒಂದು ಸಲ ಮೈದಾನದ ಕಡೆ ನೋಡಿದಳು, ಆಮೇಲೆ ನನ್ನ ಕಿಟಕಿಯ ಕಡೆ. ನಾನು ಹೋಗು ಎಂದು ತಲೆಯಾಡಿಸಿದೆ. ಬೀನ್ಸ್ ಕೆಳಗಿನ ಒಲೆ ಆರಿಸಿ, ಏಪ್ರನ್ ಕೂಡ ಬಿಚ್ಚದೆ ಹೊರಗೆ ಬಂದು, ಉತ್ತರದ ಗೇಟಿಗೆ ಬೆನ್ನು ಕೊಟ್ಟು ನಿಂತೆ. ನೂರ ಐವತ್ತೊಂಬತ್ತು ಮಕ್ಕಳು. ಅಷ್ಟೊಂದು ಮಕ್ಕಳು ಓಡುವಾಗ ಒಬ್ಬರಿಗೆ ಎಷ್ಟು ಕಾಣುತ್ತದೆ ಎಂಬುದು ನನಗೆ ಅವತ್ತೇ ತಿಳಿದದ್ದು. ಏನೂ ಕಾಣುವುದಿಲ್ಲ.

ಗಂಟೆ ಹೊಡೆಯಿತು. ಮಕ್ಕಳು ಮಂಡಿಯೂರಿದರು. ನನ್ನ ಹತ್ತಿರ ಸೀಟಿ ಇರಲಿಲ್ಲ. ನಾನು ಎಣಿಸತೊಡಗಿದೆ, ಎಪ್ಪತ್ತಕ್ಕೆ ತಪ್ಪಿತು, ಮತ್ತೆ ಮೊದಲಿಂದ ಶುರುಮಾಡಿದೆ. ಮಕ್ಕಳು ಏಳದ್ದನ್ನು ಕಂಡು ಮಿಸ್ ಫಾಲೆಟ್ ಆಫೀಸಿನಿಂದ ಬಿರಬಿರನೆ ಬಂದರು.

"ವೆಲ್ಮಾ, ಏನಿದು? ಮೈದಾನ ನಿಮ್ಮ ಕೆಲಸ ಅಲ್ಲ. ಒಳಗೆ ಹೋಗಿ."

"ಆಯ್ತು," ಅಂದೆ. "ಮಕ್ಕಳನ್ನ ಬಿಟ್ಟು ಒಳಗೆ ಹೋಗು ಅಂತ ಒಂದು ಸಾಲು ಬರೆದು ಸಹಿ ಹಾಕಿ ಕೊಡಿ, ಈಗ್ಲೇ ಹೋಗ್ತೀನಿ."

ಏಪ್ರನ್ ಜೇಬಿನಿಂದ ಸಾಮಾನಿನ ಪಟ್ಟಿ ತೆಗೆದು, ಅದರ ಹಿಂಬದಿ ತಿರುಗಿಸಿ, ಪೆನ್ನಿನ ಜೊತೆ ಅವರ ಮುಂದೆ ಹಿಡಿದೆ. ಅವರು ಕಾಗದ ನೋಡಿದರು, ನನ್ನ ಮುಖ ನೋಡಿದರು. ಕೈ ಮುಂದೆ ಬರಲಿಲ್ಲ. ನಾನು ಮತ್ತೆ ಒಂದರಿಂದ ಎಣಿಸಿದೆ.